ಬರ್ತಾ ಬಾಯಿಯ ಕೋಟೆ

ಎಲ್ಲದಕ್ಕೂ ಕಾರಣ ಒಂದೇ ಒಂದು ಶಬ್ದ. ಬೆಳಿಗ್ಗೆ ದುಬೈಯಿಂದ ಮಗಳು ಸ್ಯಾಂಡ್ರಾ ಫೋನ್ ಮಾಡಿ, "ಹ್ಯಾಪಿ ಆ್ಯನಿವರ್ಸರಿ ಪಪ್ಪಾ" ಎಂದಾಗ, ಬಾಯಿತುಂಬ ನೀರುದೋಸೆ ಇಟ್ಟುಕೊಂಡಿದ್ದ ಸ್ಟ್ಯಾನಿಸ್ಲಾಸ್ ಪೊರ್ಬುಗಳು "ಯಾರದ್ದು?" ಎಂದು ಕೇಳಿಬಿಟ್ಟರು.

ಫೋನು ಸ್ಪೀಕರಿನಲ್ಲಿತ್ತು. ಕಾವಲಿಯ ಎದುರು ನಿಂತಿದ್ದ ಹೆಂಡತಿ ಬರ್ತಾ ಬಾಯಿ ಒಂದು ಮಾತೂ ಆಡಲಿಲ್ಲ. ಹೊಯ್ಯಬೇಕೆಂದಿದ್ದ ಹಿಟ್ಟನ್ನು ಪಾತ್ರೆಗೆ ವಾಪಸು ಸುರಿದು, ಒಲೆ ಆರಿಸಿ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾತು ಆಡಿದರೆ ಹೋಯಿತು ಎನ್ನುವುದು ಪೊರ್ಬುಗಳಿಗೆ ಆಗ ಅರ್ಥವಾಯಿತು, ಆದರೆ ದೋಸೆ ಅಷ್ಟರಲ್ಲಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಬರ್ತಾ ಬಾಯಿ ಬೈದರೆ ಪೊರ್ಬುಗಳಿಗೆ ಬೇಸರವಿಲ್ಲ. ಬೈಗುಳ ಎಂದರೂ ಅದು ಅವರ ಧ್ವನಿ. ಮಸ್ಕತ್ತಿನಲ್ಲಿ ಪ್ರಾಯವೆಲ್ಲ ಸವೆಸಿದ ಮನುಷ್ಯ ಅವರು. ಶುಕ್ರವಾರ ಶುಕ್ರವಾರ ಟೆಲಿಫೋನ್ ಬೂತಿನ ಎದುರು ಸಾಲುನಿಂತು, ತನ್ನ ಸರದಿ ಬಂದಾಗ ಆ ಕಡೆಯಿಂದ "ಊಟ ಆಯ್ತಾ?" ಎಂದು ಕೇಳಿಸಿದರೆ ಸಾಕು, ಮುಂದಿನ ಶುಕ್ರವಾರದ ತನಕ ಬದುಕುತ್ತಿದ್ದರು. ಆ ಧ್ವನಿ ಇನ್ನು ದಿನವಿಡೀ ಮನೆಯಲ್ಲೇ ಕೇಳುತ್ತದೆ ಎಂದೇ ನೌಕರಿ ಬಿಟ್ಟು ಮಣಿಪಾಲಕ್ಕೆ ಬಂದು ಫ್ಲ್ಯಾಟು ಹಿಡಿದದ್ದು. ಈಗ ಅದೇ ಧ್ವನಿ ಬಾಗಿಲು ಹಾಕಿಕೊಂಡರೆ ಆ ಫ್ಲ್ಯಾಟೂ ಮಸ್ಕತ್ತೇ ಆಗಿಹೋಗುತ್ತಿತ್ತು. ಏನಾದರಾಗಲಿ, ಸಂಜೆಯೊಳಗೆ ಅವಳ ಬಾಯಿ ತೆರೆಸಬೇಕು ಎಂದು ಪೊರ್ಬುಗಳು ಶಪಥ ಮಾಡಿದರು.

ಸಂಧಾನಕ್ಕೆ ಸಿಕ್ಕಿದವರು ಎದುರು ಮನೆಯ ಜಯಮಾಲಾ. ಗಜೇಂದ್ರಗಡದ ಕಡೆಯವರು; ಗಂಡ ಸೋಮಲಿಂಗನಿಗೆ ಇಲ್ಲಿ ಟೈಲ್ಸ್ ಹಾಕಿಸುವ ಕಾಂಟ್ರಾಕ್ಟು. ಬಂದ ಹೊಸತರಲ್ಲಿ ಹೆಸರೇನೆಂದು ಕೇಳಿದ್ದಕ್ಕೆ "ಬರ್ತಾ" ಎಂದಿದ್ದನ್ನು ಕೇಳಿ, "ಎಲ್ಲಿಂದ ಬರ್ತಾರಿ?" ಎಂದು ವಿಚಾರಿಸಿದವರು ಇವರೇ. ಅಂದಿನಿಂದ ಎರಡು ಮನೆಗೂ ಒಂದೇ ಹೊಸ್ತಿಲು. ಯಾರ ಮನೆಯಲ್ಲಿ ಕುಕ್ಕರ್ ಕೂಗಿದರೂ ಜಯಮಾಲಾ ಎದ್ದು ಬಂದು ಮುಚ್ಚಳ ತೆಗೆಯುವಷ್ಟು ಸಲಿಗೆ.

ಜಯಮಾಲಾ ಒಳಕೋಣೆಗೆ ಹೋಗಿ, ಬಹಳ ಹೊತ್ತು ಗುಸುಗುಸು ಮಾಡಿ, ಸೆರಗಿನಿಂದ ಮೂಗು ಒರೆಸುತ್ತ ಹೊರಗೆ ಬಂದರು.

"ಅಂಕಲ್ರಿ, ಆಂಟಿಗೆ ಕ್ವಾಟಿ ನೋಡೂ ಆಸೆ ಐತ್ರಿ. ಇಷ್ಟ್ ವರ್ಷ ಆತು, ಮತ್ತೊಮ್ಮೆ ಕ್ವಾಟಿಗೆ ಕರ್ಕೊಂಡು ಹೋಗ್ಲಿಲ್ಲ ಅಂತ ಕಣ್ಣಾಗ ನೀರು ತಂದ್ರು ನೋಡ್ರಿ."

ಕ್ವಾಟಿ ಎಂದರೆ ಕೋಟೆ ಎಂದು ತಿಳಿಯಲು ಪೊರ್ಬುಗಳಿಗೆ ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಎದೆಯೊಳಗೆ ಒಂದು ಕಿಟಿಕಿ ತೆರೆದ ಹಾಗಾಯಿತು. ಕಾಪುವಿನ ಹಳೆ ಕೋಟೆ. ಸಮುದ್ರದ ಗಾಳಿ. ಬುರುಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ ಹಳದಿ ಸೀರೆಯ ಬರ್ತಾ. ಅವಳಿಗೂ ಅದು ನೆನಪುಂಟು ಎಂದು ಗೊತ್ತಾಗಿ ಅವರ ಕಣ್ಣು ಒದ್ದೆಯಾಯಿತು. ಕಾರಿನ ಕೀಲಿಕೈ ತೆಗೆದುಕೊಂಡು, ಈಗಲೇ ಹೊರಡಲಿಕ್ಕೆ ಹೇಳಿ ಎಂದರು.

ಇಬ್ಬರೇ ಹೋಗಬೇಕೆಂಬುದು ಅವರ ಆಸೆ. ಆದರೆ ಮಾತು ಬಿಟ್ಟವರ ನಡುವೆ ಮಾತು ದಾಟಿಸಲು ಜನ ಬೇಡವೇ ಎಂದು ಜಯಮಾಲಾ ಹಿಂದಿನ ಸೀಟಿನಲ್ಲಿ ಬರ್ತಾ ಬಾಯಿಯ ಪಕ್ಕ ಕುಳಿತರು. ಜಯಮಾಲಾ ಹೋದರೆ ತನಗೆ ಮಧ್ಯಾಹ್ನ ಊಟ ಯಾರು ಹಾಕುತ್ತಾರೆ ಎಂದು ಸೋಮಲಿಂಗ ರೊಟ್ಟಿ ಬುತ್ತಿಯ ಸಮೇತ ಮುಂದಿನ ಸೀಟಿಗೆ ಬಂದ. ಕೋಟೆಯ ವಿಚಾರದಲ್ಲಿ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಬೆಲ್ಟ್ ಹಾಕುವಾಗಲೇ ಹೇಳಿದ. ಹುಟ್ಟಿದ್ದೇ ಕೋಟೆಯ ಬುಡದಲ್ಲಂತೆ.

ಮಣಿಪಾಲದ ಸರ್ಕಲಿನಲ್ಲಿ ಕಾರ್ಕಳದ ಬೋರ್ಡು ಕಂಡದ್ದೇ ಪೊರ್ಬುಗಳ ಬಾಯಿ ಸಡಿಲವಾಯಿತು. ಜಯಮಾಲಾಗೆ ಹೇಳುವ ನೆಪದಲ್ಲಿ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡುತ್ತ ಹೇಳಿದರು. ಕಾರ್ಕಳದ ಗೊಮ್ಮಟನ ಬೆಟ್ಟ ಹತ್ತುವಾಗ ಬರ್ತಾ ಅರ್ಧದಲ್ಲೇ ಕೂತುಬಿಟ್ಟಳು, ಇಬ್ಬರೂ ಒಂದೇ ಎಳನೀರಿನ ಬೊಂಡವನ್ನು ಹಂಚಿಕೊಂಡು ಕುಡಿದದ್ದು ಆ ಮೆಟ್ಟಿಲ ಮೇಲೆ. ಮಲ್ಪೆಯಿಂದ ದ್ವೀಪಕ್ಕೆ ಹೋಗುವಾಗ ದೋಣಿಯಿಂದ ಅವಳ ಒಂದು ಚಪ್ಪಲಿ ನೀರಿಗೆ ಬಿತ್ತು, ಇನ್ನೊಂದನ್ನು ಅವಳೇ ನಗುತ್ತ ಎಸೆದಳು. ಅತ್ತೂರಿನ ಇಗರ್ಜಿ ಹಬ್ಬದಲ್ಲಿ ಬಳೆ ಹಾಕಿಸಿಕೊಳ್ಳುವಾಗ ಕಣ್ಣು ಮುಚ್ಚಿಕೊಂಡಳು. ಮಸ್ಕತ್ತಿನ ರೂಮಿನಲ್ಲಿ, ಕರೆಂಟು ಹೋದ ಮಧ್ಯಾಹ್ನಗಳಲ್ಲಿ, ಪೊರ್ಬುಗಳು ಇದನ್ನೆಲ್ಲ ಒಂದೊಂದಾಗಿ ತೆಗೆದು ನೋಡಿ ಮತ್ತೆ ಮಡಚಿಡುತ್ತಿದ್ದರು.

ಜಯಮಾಲಾ "ಅಯ್ಯ ಶಿವನ" ಎಂದು ಕೆನ್ನೆಗೆ ಕೈ ಹಚ್ಚಿ ಕೇಳಿದರು. ಬರ್ತಾ ಬಾಯಿ ಕಿಟಿಕಿಯ ಹೊರಗೆ ನೋಡುತ್ತಿದ್ದರು. ಹಣೆಯ ಮೇಲೆ ಒಂದು ಗೆರೆ ಮಾತ್ರ ಇತ್ತು.

ಕಟಪಾಡಿಯ ಹತ್ತಿರ ಬರುವಾಗ ಪೊರ್ಬುಗಳಿಗೆ ದಾರಿ ಅನುಮಾನವಾಯಿತು. ಅವರ ಕಾಲದ ರಸ್ತೆಯನ್ನು ಹೆದ್ದಾರಿ ನುಂಗಿ ನೀರು ಕುಡಿದಿತ್ತು. ಅವರು ಬೇಡ ಬೇಡ ಎನ್ನುವಷ್ಟರಲ್ಲಿ ಜಯಮಾಲಾ ತಲೆ ಹೊರಗೆ ಹಾಕಿ, ರಿಕ್ಷಾ ಸ್ಟ್ಯಾಂಡಿನವರನ್ನು ಕ್ವಾಟಿ ಎಲ್ಲೈತಿ ಎಂದು ಕೇಳಿಯಾಗಿತ್ತು. ಒಬ್ಬ ಅದನ್ನು ಕೋಟ ಎಂಬ ಊರು ಎಂದು ತಿಳಿದು, ಅದು ಉತ್ತರಕ್ಕೆ, ಬ್ರಹ್ಮಾವರ ದಾಟಿ ಹೋಗಬೇಕು, ನೀವು ತಿರುಗಿಸಿ ಎಂದ. ಇನ್ನೊಬ್ಬ, ರೋನಿ ಎಂಬವನು, ಪೊರ್ಬುಗಳ ಗುರುತಿನವನು, ಅವನನ್ನು ತಳ್ಳಿ ಮುಂದೆ ಬಂದ.

"ಎಂತ ಪೊರ್ಬುಗಳೇ, ಕೋಟೆಗೆ ಅಲ್ವಾ? ಇಲ್ಲೇ ಬಲಕ್ಕೆ ಹೋಗಿ. ಗದ್ದೆ ದಾಟಿದ ಕೂಡಲೇ ಕೋಟೆ."

ಕನ್ನಡಿಯಲ್ಲಿ ಬರ್ತಾ ಬಾಯಿ ಬೆಳಗಿನಿಂದ ಮೊದಲ ಬಾರಿಗೆ ಮುಗುಳ್ನಕ್ಕು ತಲೆಗೂದಲು ಸರಿಮಾಡಿಕೊಂಡರು.

"ಅದು ಕೋಟೆ ಎನ್ನುವ ಊರು ಮಾರಾಯ" ಎಂದು ಪೊರ್ಬುಗಳು ನಕ್ಕರು. "ಅಲ್ಲಿ ಎಂತ ಉಂಟು, ಗದ್ದೆ ಬಿಟ್ಟರೆ? ನಮಗೆ ಬೇಕಾದ್ದು ನಿಜವಾದ ಕೋಟೆ."

ಬರ್ತಾ ಬಾಯಿ ಬಾಯಿ ತೆರೆದರು. ಪೊರ್ಬುಗಳು ಬ್ರೇಕಿನ ಮೇಲೆ ಕಾಲಿಟ್ಟು ಕಾದರು. ಆದರೆ ಮಾತಾಡಿದರೆ ಸೋತ ಹಾಗಲ್ಲವೇ? ಬಾಯಿ ಮತ್ತೆ ಮುಚ್ಚಿತು, ಕೈ ಚೀಲದೊಳಗೆ ಹೋಗಿ ಜಪಸರ ಹಿಡಿಯಿತು. ಪಾಪ, ಹಳೆಯ ನೆನಪಿನಿಂದ ಗಂಟಲು ಕಟ್ಟಿದೆ ಎಂದುಕೊಂಡು ಪೊರ್ಬುಗಳು ಗಾಡಿಯನ್ನು ನೇರ ಕಾಪುವಿಗೆ ಬಿಟ್ಟರು.

ಕಾಪುವಿನಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಬಂಡೆಯ ಮೇಲಿನ ದೀಪಸ್ತಂಭ ಕಂಡದ್ದೇ ಇದೇ ಕೋಟೆಯ ಬುರುಜು ಎಂದು ಸೋಮಲಿಂಗ ತೀರ್ಮಾನಿಸಿ, ಯಾರ ಮಾತೂ ಕೇಳದೆ ಹತ್ತಲು ಹೋದ. ಮೇಲೆ ಬಾಗಿಲಿಗೆ ಬೀಗ, ತೆರೆಯುವುದು ಸಂಜೆಗೆ. ಅವನನ್ನು ಇಳಿಸಿ ತರಲು ಹೋದ ಪೊರ್ಬುಗಳ ಬೂಟಿನೊಳಗೆ ಒಂದು ತೆರೆ ಹೊಕ್ಕು ಹೊರಬಂತು. ಆಮೇಲೆ ಮರಳಿನ ಮೇಲೆ ಊಟ. ರೊಟ್ಟಿಯೊಂದಿಗೆ ಸಮುದ್ರದ ಮರಳೂ ಕರಕರ ಎಂದಿತು. ಜಯಮಾಲಾ ಮಾತ್ರ ತನ್ನ ಕೆಲಸ ಬಿಡಲಿಲ್ಲ. "ಆಂಟಿ, ಅಂಕಲ್ಲು ಚಟ್ನಿ ಕೇಳಾಕತ್ತಾರ್ರಿ" ಎಂದು ಒಂದು ಗೇಣು ದೂರದಲ್ಲಿದ್ದವರಿಗೆ ಸುದ್ದಿ ಮುಟ್ಟಿಸುತ್ತಿದ್ದರು.

ಕೋಟೆ ಸಿಕ್ಕಿದ್ದು ಊಟದ ನಂತರ, ಮುಂಡುಗದ ಪೊದೆಗಳ ಹಿಂದೆ. ಪೊರ್ಬುಗಳು ಮುಂದೆ ನುಗ್ಗಿ ದಾರಿ ಮಾಡಿದರು. ಮುಳ್ಳು ಅವರ ಹೊಸ ಪ್ಯಾಂಟನ್ನು ಮೊಣಕಾಲಿನಿಂದ ಕೆಳಗೆ ಸೀಳಿತು. ಒಳಗೆ ಉಳಿದಿದ್ದದ್ದು ಹಾವಸೆ ಹಿಡಿದ ಒಂದಿಷ್ಟು ಮುರಕಲ್ಲಿನ ಗೋಡೆ, ಅದರ ತುದಿಯಲ್ಲಿ ಮುರಿದ ಒಂದು ಬುರುಜು. ಕೆಳದಿಯ ಅರಸರ ಕಾಲದ್ದು ಎನ್ನುವವರುಂಟು.

"ನಮ್ಮೂರಾಗ ಎಮ್ಮಿ ಕಟ್ಟೂ ಗ್ವಾಡಿ ಇದಕ್ಕಿಂತ ದೊಡ್ಡದೈತ್ರಿ" ಎಂದ ಸೋಮಲಿಂಗ.

ಪೊರ್ಬುಗಳಿಗೆ ಅದು ಕೇಳಿಸಲೇ ಇಲ್ಲ. ಗಾಳಿ ಅದೇ ಗಾಳಿ. ತೆಂಗಿನ ಗರಿಗಳ ಸದ್ದು ಅದೇ. ಒದ್ದೆ ಬೂಟು, ಹರಿದ ಪ್ಯಾಂಟು ಎಲ್ಲ ಮರೆತು ಅವರು ಬುರುಜಿನ ಕಲ್ಲನ್ನು ಕರ್ಚೀಫಿನಿಂದ ಒರೆಸಿದರು. ನಾಚಿಕೆ ಬಿಟ್ಟು, ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಹೇಳಿದರು.

"ಬರ್ತಾ, ನೀನು ಇಲ್ಲೇ ಕುಳಿತದ್ದು. ಇಗರ್ಜಿಯವರೆಲ್ಲ ಪಿಕ್ನಿಕ್ಕಿಗೆ ಬಂದ ದಿನ. ಹಳದಿ ಸೀರೆ. ಎರಡು ಬೆರಳು ಬಾಯಿಗಿಟ್ಟು ಗಂಡು ಹುಡುಗರ ಹಾಗೆ ಶಿಳ್ಳೆ ಹೊಡೆದೆ, ನಾನು ತಿರುಗಿ ನೋಡಿದೆ. ಅವತ್ತೇ ನಾನು ನಿನ್ನವನಾದೆ. ದಿನಾಂಕ ಮರೆತಿರಬಹುದು ಮಾರಾಯ್ತಿ, ನಿನ್ನನ್ನು ಮರೆತದ್ದುಂಟಾ?"

ಜಯಮಾಲಾ ಸೆರಗು ಕಣ್ಣಿಗೆ ಒತ್ತಿದರು. ಬರ್ತಾ ಬಾಯಿ ಬುರುಜನ್ನು ನೋಡಿದರು, ಗಂಡನನ್ನು ನೋಡಿದರು. ಕೊನೆಗೂ ಬಾಯಿ ತೆರೆಯಿತು.

"ನನಗೆ ಶಿಳ್ಳೆ ಹೊಡೆಯಲಿಕ್ಕೆ ಬರುವುದಿಲ್ಲ."

ಒಂದು ಕಾಗೆ ಕೂಗಿ ಹಾರಿಹೋಯಿತು.

"ಈ ಕೋಟೆಯನ್ನು ನಾನು ಇವತ್ತೇ ಮೊದಲು ನೋಡುವುದು" ಎಂದರು ಬರ್ತಾ ಬಾಯಿ. "ನಾನು ಹೇಳಿದ್ದು ಕಟಪಾಡಿಯ ಕೋಟೆ. ನನ್ನ ಚಿಕ್ಕಮ್ಮನ ಮನೆ. ನೀವು ನನ್ನನ್ನು ನೋಡಲಿಕ್ಕೆ ಬಂದದ್ದು ಅಲ್ಲಿಗೆ. ಗದ್ದೆ ಬಿಟ್ಟರೆ ಎಂತ ಉಂಟು ಅಂದಿರಲ್ಲ, ನಾನಿದ್ದೆ ಅಲ್ಲಿ."

ಪೊರ್ಬುಗಳು ಬುರುಜಿನ ಮೇಲೆ ತಾವೇ ಕುಳಿತುಬಿಟ್ಟರು. ಕಣ್ಣು ಮುಚ್ಚಿ ಹಳದಿ ಸೀರೆಯವಳನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಮುಖ ಬರ್ತಾಳದ್ದೇ. ಆದರೆ ಶಿಳ್ಳೆ ಬರ್ತಾಳದ್ದಲ್ಲ. ಆಗ ಅವರಿಗೆ ಹೊಳೆಯಿತು, ಮಸ್ಕತ್ತಿನಲ್ಲಿ ಕುಳಿತು ತಾನು ಎಂತ ಮಾಡಿದ್ದೇನೆಂದು. ಪ್ರಾಯದಲ್ಲಿ ಎಲ್ಲೆಲ್ಲಿ ಸುಖ ಸಿಕ್ಕಿತ್ತೋ ಅಲ್ಲೆಲ್ಲ ತಂದು ಬರ್ತಾಳನ್ನೇ ಕೂರಿಸಿದ್ದರು. ಬೇರೆ ಯಾರನ್ನೂ ಅಲ್ಲಿ ಇರಗೊಡಲಿಲ್ಲ. ಇದನ್ನು ಅವರು ತೊದಲುತ್ತ, ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಹೇಳಿದಾಗ, ಬರ್ತಾ ಬಾಯಿಯ ಹಣೆಯ ಗೆರೆ ನಿಧಾನಕ್ಕೆ ಸಡಿಲವಾಯಿತು. ಇನ್ನೇನು ಪಕ್ಕಕ್ಕೆ ಬಂದು ಕೂರುವವರೇ.

"ಅದಿರ್ಲಿ ಅಂಕಲ್ರಿ, ಶಿಳ್ಳಿ ಹೊಡದಾಕಿ ಯಾರು ಹಂಗಾದ್ರ?" ಎಂದ ಸೋಮಲಿಂಗ.

ಯಾರೆಂದು ಪೊರ್ಬುಗಳಿಗೆ ದೇವರಾಣೆ ನೆನಪಿರಲಿಲ್ಲ. ಆದರೆ ಲೋಕದಲ್ಲಿ ಯಾವ ಹೆಂಡತಿ ಇದನ್ನು ನಂಬುತ್ತಾಳೆ? ಬರ್ತಾ ಬಾಯಿ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದರು.

"ಕೇಳಿ ಜಯಮಾಲಾ" ಎಂದು ಶುರುಮಾಡಿದರು. "ಕಾರ್ಕಳದ ಬೊಂಡ, ದ್ವೀಪದ ಚಪ್ಪಲಿ, ಅತ್ತೂರಿನ ಬಳೆ, ಇವರು ಹೇಳುವ ಒಂದೂ ನನಗೆ ನೆನಪಾಗುವುದಿಲ್ಲ. ನನಗೇ ಮರೆವಿನ ಕಾಯಿಲೆ ಅಂತ ಹೆದರಿ, ದಿನಾ ಬೆಳಿಗ್ಗೆ ತಿಮರೆ, ಅದೇ ಒಂದೆಲಗದ ಸೊಪ್ಪು, ಅರೆದು ಕುಡಿಯುತ್ತೇನೆ. ಇವರಿಗೆ ಬೇಸರ ಆಗಬಾರದು ಅಂತ ಹೌದು ಹೌದು ಎನ್ನುತ್ತೇನೆ."

ಮುಂಡುಗದ ಪೊದೆಯಿಂದ ಮಣಿಪಾಲದ ಮೆಟ್ಟಿಲ ತನಕ ಬರ್ತಾ ಬಾಯಿಯ ಮಾತು ನಿಲ್ಲಲಿಲ್ಲ. ಪೊರ್ಬುಗಳು ಬೆಳಗಿನಿಂದ ಹಂಬಲಿಸಿದ ಅದೇ ಧ್ವನಿ, ಅದೇ ಇಂಪು. ಆದರೆ ಒಂದು ಶಬ್ದವೂ ಅವರಿಗಲ್ಲ, ಎಲ್ಲವೂ ಜಯಮಾಲಾಗೆ. ಕಟಪಾಡಿಯಲ್ಲಿ ಎಡಕ್ಕೆ ತಿರುಗಿಸಿ ಕೋಟೆಗೆ ಹೋಗುವುದಾ ಎಂದು ಪೊರ್ಬುಗಳು ಮೆಲ್ಲಗೆ ಕೇಳಿದರು. ಹಿಂದಿನ ಸೀಟಿನಲ್ಲಿ ಮಾತು ಚಪ್ಪಲಿಯಿಂದ ಬಳೆಗೆ ದಾಟಿತು, ಗಾಡಿ ನೇರ ಹೋಯಿತು.

ಮನೆಯಲ್ಲಿ ಪೊರ್ಬುಗಳು ಒಬ್ಬರೇ ಕುಳಿತು ಗೊಮ್ಮಟನ ಮೆಟ್ಟಿಲನ್ನೂ ದ್ವೀಪದ ದೋಣಿಯನ್ನೂ ಹೊರತೆಗೆದು ನೋಡಿದರು. ಎಲ್ಲ ಕಡೆಯೂ ಬರ್ತಾಳದ್ದೇ ಮುಖ, ಆದರೆ ಅದರ ಮೇಲೆ ಈಗ ಅವರಿಗೇ ವಿಶ್ವಾಸವಿರಲಿಲ್ಲ. ಅಷ್ಟರಲ್ಲಿ ಒಳಕೋಣೆಯಿಂದ ಜಯಮಾಲಾ ಬಂದರು. ಕೈಯಲ್ಲಿ ಒಂದು ಲೋಟ, ಅದರ ತುಂಬ ಹಚ್ಚ ಹಸಿರು ರಸ.

"ಅಂಕಲ್ರಿ, ಆಂಟಿ ಹೇಳ್ಯಾರ. ನಾಳೆ ಕಾರ್ಕಳಕ್ಕ, ನಾಡಿದ್ದು ದ್ವೀಪಕ್ಕ ಹೋಗೂದಂತ. ಎಲ್ಲೆಲ್ಲಿ ಯಾರ್ಯಾರು ಕುಂತಿದ್ರು ಅಂತ ನೀವು ಅಲ್ಲೇ ಕುಂತು ನೆನಪು ಮಾಡ್ಕೊಂಡು ಹೇಳ್ಬೇಕಂತ್ರಿ. ಅದಕ್ಕ ಇನ್ನ ಮ್ಯಾಲೆ ಈ ತಿಮರಿ ರಸ ಆಂಟಿ ಕುಡಿಯೂದಿಲ್ಲಂತ, ನಿಮಗ ಕೊಡಾಕ ಹೇಳ್ಯಾರ."