ಬಹುಮಾನ ಬರೋತನಕ ಹೊಸಬ

ಮಂದೀನ ನಗಸ್ಲಿಕ್ಕೆ ಹೋಗಿ ನಾನೇ ನಗಿಗೀಡಾಗೋದು ನನ್ನ ಬಾಳಿನ್ಯಾಗ ವರ್ಷಕ್ಕೊಮ್ಮೆ ತಪ್ಪದೇ ಬರ್ತದ, ದೀಪಾವಳಿ ಬಂದಂಗ. ದೀಪಾವಳಿಗಿ ಹೋಳಿಗಿಯಾದ್ರೂ ಸಿಗ್ತದ.

ನಾ ಕಲಬುರ್ಗಿ ಸ್ಟೇಶನ್ ಬಜಾರದಾಗ ಒಂದು ಲಾಜಿನ ಮ್ಯಾನೇಜರ್. ಹುಟ್ಟೂರು ಕಮಲಾಪುರ, ಮನಿ ಕಲಬುರ್ಗಿಯಾಗೇ, ಗಾಜಿಪುರ ಓಣ್ಯಾಗ. ರೈಲು ತಪ್ಪಿಸಿಕೊಂಡವರು, ಕೋರ್ಟಿನ ತಾರೀಖಿಗಿ ಬಂದವರು, ದವಾಖಾನಿಗಿ ಬಂದವರು ನನ್ನ ಗಿರಾಕಿಗಳು. ಅವರಿಗಿ ಖೋಲಿ ಚಾವಿ ಕೊಡೋ ಮುಂದ ಒಂದು ಹಾಸ್ಯದ ಮಾತು ಹೇಳ್ತಿದ್ದೆ. ಎಲ್ಲಾರೂ ನಗ್ತಿದ್ರು. ಚಾವಿ ಇನ್ನೂ ನನ್ನ ಕೈಯಾಗೇ ಇರ್ತಿತ್ತು, ಅದಕ್ಕ ನಗ್ತಾರ ಅನ್ನೋದು ನನಗ ಹೊಳೀಲಿಲ್ಲ. ನಾ ದೊಡ್ಡ ಹಾಸ್ಯಗಾರ ಅಂತ ತಿಳಕೊಂಡುಬಿಟ್ಟೆ.

ಅದೇ ಹೊತ್ತಿಗಿ ನಮ್ಮ ಕಡೆ ಒಂದು ಸಂಘದವರು ಹೊಸ ಹಾಸ್ಯಗಾರರ ಸ್ಪರ್ಧೆ ಶುರು ಮಾಡಿದ್ರು. ಟೇಪ್ ರೆಕಾರ್ಡರ್ ಇನ್ನೂ ಮನಿ ಮನಿಗಿ ಇದ್ದ ಕಾಲ. ಒಂದು ವರ್ಷ ಕಲಬುರ್ಗಿಯಾಗ, ಮರುವರ್ಷ ಕಮಲಾಪುರದಾಗ. ನಿಯಮ ಭಾಳ ಇದ್ದಿದ್ದಿಲ್ಲ. ಒಮ್ಮೆ ಬಹುಮಾನ ತಗೊಂಡವ ಹಳಬ, ಅವನಿಗಿ ಮತ್ತ ಪ್ರವೇಶ ಇಲ್ಲ. ಹೋದ ವರ್ಷ ಮೊದಲ ಬಹುಮಾನ ತಗೊಂಡವರು ಈ ವರ್ಷ ನಿರ್ಣಾಯಕರ ಕುರ್ಚಿ ಮ್ಯಾಲ ಕೂಡಬೇಕು. ಮತ್ತ ಎಲ್ಲಾ ಕಡೆ ಇರೋದೇ, ನಿರ್ಣಾಯಕರ ತೀರ್ಮಾನವೇ ಅಂತಿಮ. ಬಹುಮಾನ ಕೊಡಾವ್ರು ಪಾತ್ರೆ ಅಂಗಡಿಯವರು, ಹಂಗಾಗಿ ಗೆದ್ದವರೆಲ್ಲ ಸಾಮಾನು ಹೊತ್ಕೊಂಡು ಮನಿಗಿ ಹೋಗ್ತಿದ್ರು.

ಅಂದ್ರ ಬಹುಮಾನ ಬರೋತನಕ ನೀ ಹೊಸಬ. ನನ್ನ ತಲಿ ಬೆಳ್ಳಗಾಯ್ತು, ಹಲ್ಲು ಅಲುಗಾಡಿದ್ವು, ನಾ ಮಾತ್ರ ಹೊಸಬ. ಹೆಚ್ಚಿಂದೇನು ಬೇಡಲಿಲ್ಲ ನಾನು. ಮೂರನೇದಾದ್ರೂ ಆಗ್ಲಿ, ಒಂದು ಚಮಚೆ ಕೊಟ್ರೂ ಆಗ್ಲಿ, ಒಂದು ಬಹುಮಾನ ಬರಬೇಕು. ಹೊಸಬ ಆಗೇ ಸಾಯ್ತೀನೇನೋ ಅನ್ನೋ ಹೆದರಿಕಿ ನನಗ ಖರೇನ ಹತ್ತಿತ್ತು.

ಎರಡು ನಿಮಿಷ ಮೌನ

ಮೊದಲನೇ ಸಲ ಕಲಬುರ್ಗಿಯಾಗ. ಚೀಟಿ ಎತ್ತಿದ್ರ ನನ್ನ ಹೆಸರೇ ಮೊದಲು ಬಂತು. ಛಲೋ ಶಕುನ ಅಂದ್ಕೊಂಡೆ.

ನಾ ಮೈಕಿನ ಕಡೆ ಹೊಂಟೆ, ಅಷ್ಟರಾಗ ಕಾರ್ಯದರ್ಶಿ ನನ್ನ ತಡದು ತಾನೇ ಮೈಕ್ ಹಿಡದ. "ಸಂಘದ ಹಿರಿಯ ಪೋಷಕರು ನಿನ್ನೆ ತೀರಿಕೊಂಡಾರ. ಎಲ್ಲಾರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕು" ಅಂದ. ಎಲ್ಲಾರೂ ನಿಂತ್ರು. ಮುಂದಿನ ಸಾಲಿನ್ಯಾಗ ಒಬ್ಬಾಕಿ ಸೆರಗಿಲೆ ಕಣ್ಣು ಒರಸ್ಕೊಂಡ್ಲು. ಮೌನ ಮುಗೀತು, ಎಲ್ಲಾರೂ ಕುಂತ್ರು. ಕಾರ್ಯದರ್ಶಿ ಅದೇ ದನಿಯಾಗ ನನ್ನ ಹೆಸರು ಕರದ. ಈಗ ಹಾಸ್ಯ ಶುರು ಆಗ್ತದ ಅಂತ ಒಂದು ಮಾತು ಹೇಳಬಾರದೇನು ಆ ಪುಣ್ಯಾತ್ಮ?

ನಂದು ನಮ್ಮ ಕಾಕಾನ ಮ್ಯಾಲಿನ ಹಾಸ್ಯ. ಕಾಕಾ ಮದುವಿ ಮನ್ಯಾಗ ಹ್ಯಾಂಗ ಉಣ್ತಿದ್ದ, ಬಡಸಾವ್ರು ಹ್ಯಾಂಗ ಓಡಿ ಹೋಗ್ತಿದ್ರು, ಮಿರ್ಚಿ ಭಜಿ ಬುಟ್ಟಿ ಹ್ಯಾಂಗ ಖಾಲಿ ಆಗ್ತಿತ್ತು, ಎಲ್ಲಾ ಅಭಿನಯ ಮಾಡಿ ತೋರಿಸಿದೆ. ಮಂದಿ ತಲಿ ತಗ್ಗಿಸಿ ಕುಂತಿದ್ರು. ಎಮ್ಮಿ ಮ್ಯಾಲ ಮಳಿ ಸುರದಂಗ ಆಯ್ತು. ಕಡೀಕ ಯಾರೋ ಒಬ್ಬರು ಚಪ್ಪಾಳಿ ಹೊಡೀಲಿಕ್ಕೆ ಹೋದ್ರ ಬಾಜೂದವರು ಅವರ ಕೈ ಹಿಡದ್ರು.

ಕೆಳಗ ಇಳದು ಬಂದೆ. ಒಬ್ಬ ವಯಸ್ಸಾದ ಮುತ್ಯಾ ಬಂದು ನನ್ನ ಎರಡೂ ಕೈ ಹಿಡಕೊಂಡ. ಅಭಿನಂದನೆ ಹೇಳ್ತಾನ ಅಂತ ಎದಿ ಉಬ್ಬಿತು. ಮುತ್ಯಾ ಗದ್ಗದ ಆಗಿ ಅಂದ: "ನಿಮ್ಮ ಕಾಕಾ ಇಷ್ಟು ಛಂದ ಉಣ್ಣೋ ಮನುಷ್ಯಾ ಇದ್ರು ಅಂತ ನನಗ ಗೊತ್ತಿದ್ದಿಲ್ಲ ತಮ್ಮಾ. ಕೇಳಿ ಕರುಳು ಚುರ್ ಅಂತು. ದಿನಕರ್ಮ ಯಾವತ್ತು ಇಟ್ಕೊಂಡೀರಿ?"

ಲಟ್ಟಣಗಿ ಪಂಚಾಯ್ತಿ

ಮುಂದಿನ ವರ್ಷ ಕಮಲಾಪುರದಾಗ. ಹುಟ್ಟೂರು, ನಮ್ಮ ಮಂದಿ, ಇಲ್ಲಿ ನಗಲಿಲ್ಲಂದ್ರ ಎಲ್ಲಿ ನಗ್ತಾರ? ಈ ಸಲ ಹೆಂಡ್ತಿ ಮ್ಯಾಲ ಹೇಳೋಣ, ಎಲ್ಲಾ ಹಾಸ್ಯಗಾರರೂ ಹೆಂಡ್ತಿ ಮ್ಯಾಲೇ ಹೇಳ್ತಾರ ಅಂತ ಲೆಕ್ಕ ಹಾಕಿದೆ. "ನಮ್ಮಾಕಿ ನನಗ ಲಟ್ಟಣಗಿ ತಗೊಂಡು ಹೊಡಿತಾಳ್ರಿ" ಅಂತ ಶುರು ಮಾಡಿ, ಯಾವ ಯಾವ ಕಡೆ ಬಾವು ಬಂದದ ಅಂತ ತೋರಿಸಿದೆ. ಒಬ್ಬರೂ ನಗಲಿಲ್ಲ. ಹಿರಿಯರು ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು.

ಮುಂದಿನ ಆಯ್ತವಾರ ಮುಂಜಾನೆ ಗಾಜಿಪುರದಾಗ ನಮ್ಮ ಮನಿ ಮುಂದ ಕಮಲಾಪುರದ ಹಿರಿಯರು ನಾಕು ಮಂದಿ. ಕೈಯಾಗ ಒಂದು ಗೊನಿ ಕೆಂಪು ಬಾಳಿಹಣ್ಣು. ನಮ್ಮೂರಾಗ ಗಂಡ ಹೆಂಡರ ಜಗಳ ಬಗಿಹರಸ್ಲಿಕ್ಕೆ ಹೋದ್ರ ಬರಿಗೈಲೆ ಹೋಗಂಗಿಲ್ಲ.

ಪಡಸಾಲ್ಯಾಗ ಕುಂತು ಚಹಾ ಕುಡದ ಮ್ಯಾಲ ಎಲ್ಲಾರಗಿಂತ ಹಿರೀ ಮುತ್ಯಾ ಅಂದ: "ತಮ್ಮಾ, ಸಭಾದಾಗ ನಿಂತು ಹೇಳಿದಿ. ಒಬ್ಬವನೇ ತಡ್ಕೋಬ್ಯಾಡ. ನಾವು ಅದೀವಿ."

"ಮುತ್ಯಾ, ಅದು ಹಾಸ್ಯ" ಅಂದೆ.

"ಹಾಸ್ಯ ಆಗಿದ್ರ ನಾವು ನಗ್ತಿದ್ದಿಲ್ಲೇನು?" ಅಂದ ಮುತ್ಯಾ.

ಅಷ್ಟರಾಗ ನಮ್ಮಾಕಿ ಅಡಗಿ ಮನಿಂದ ಹೊರಗ ಬಂದ್ಲು. ಕೈಗೆಲ್ಲಾ ಜ್ವಾಳದ ಹಿಟ್ಟು. "ಒಳಗ ಬಂದು ನೋಡ್ರಿ ಮುತ್ಯಾ. ನಮ್ಮದು ರೊಟ್ಟಿ ಬಡಿಯೋ ಮನಿ. ಚಪಾತಿ ಮಾಡಿದ್ರ ಬಾಜೂ ಮನಿ ಲಟ್ಟಣಗಿ ಇಸಗೊಂಡು ಬರ್ತೀನಿ. ನಮ್ಮ ಮನ್ಯಾಗ ಲಟ್ಟಣಗೀನೇ ಇಲ್ಲ" ಅಂದ್ಲು.

ಮುತ್ಯಾ ಎದ್ದು ಹೋಗಿ ಖರೇನ ಅಡಗಿ ಮನಿ ನೋಡಿ ಬಂದ. ಬಂದು ನನ್ನ ಬಾಜೂಕ ಕುಂತು, ಮೆಲ್ಲಕ ನನ್ನ ತೊಡಿ ಮ್ಯಾಲ ಕೈ ಇಟ್ಟ. "ಲಟ್ಟಣಗಿ ಇಲ್ಲಿಲ್ಲ. ಆದ್ರ ನಿನಗ ಲಟ್ಟಣಗಿಲೆ ಪೆಟ್ಟು ಬಿದ್ದಾವ. ಈಗ ಖರೆ ಹೇಳು ತಮ್ಮಾ, ಯಾರ ಮನ್ಯಾಗ ಹೊಡಿಸಿಕೊಂಡಿ?"

ಆಟೋದಾಗ ಛಲೋ ಇತ್ತು

ಹಿರಿಯರು ಹೋದ ಮ್ಯಾಲ ನಮ್ಮಾಕಿ ಬಾಳಿಹಣ್ಣು ಎಲ್ಲಾ ಓಣಿಗಿ ಹಂಚಿದ್ಲು, ನನಗೊಂದು ಕೊಡಲಿಲ್ಲ. ಆಮ್ಯಾಲ ಒಂದು ಮಾತು ಅಂದ್ಲು: "ಈ ಮನಿಗಿ ಒಂದು ಬಹುಮಾನ ಬರಬೇಕು, ಇಲ್ಲಂದ್ರ ಇದನ್ನ ಬಿಡಬೇಕು. ಯಾರದೋ ಮನಿ ಲಟ್ಟಣಗಿ ತಂದು ಹೇಳಿದ್ರ ಯಾರು ನಗ್ತಾರ? ಕಂಡಿದ್ದು ಹೇಳ್ರಿ." ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ, ಹಂಗ ನಾನೂ ಕೇಳಾವ್ರಿಗಿ ಹಾಸ್ಯಪ್ರಜ್ಞೆ ಇಲ್ಲ ಅಂದೆ.

ಮುಂದಿನ ವರ್ಷ ಸ್ಪರ್ಧೆ ಕಲಬುರ್ಗಿಯಾಗ. ಲಾಜಿನಿಂದ ಆಟೋ ಹಿಡದೆ. ಆಟೋದವ ನನ್ನ ವಯಸ್ಸಿನವನೇ, ಗಡ್ಡಕ್ಕ ಮೆಹೆಂದಿ ಹಚ್ಚಿದ್ದ. ಹಾದಿಗುಂಟ ನನ್ನ ಹಾಸ್ಯ ಎಲ್ಲಾ ಅವನ ಮುಂದ ಹೇಳ್ಕೊಂತ ಹೋದೆ. ಅವ ಕನ್ನಡಿಯಾಗ ನನ್ನ ನೋಡೋದು, ಗಾಡಿ ಜೋರು ಬಿಡೋದು, ಮತ್ತ ನೋಡೋದು ಮಾಡ್ದ. ಇಳದ ಮ್ಯಾಲ "ಜರಾ ನಿಲ್ಲಪಾ, ತಿರುಗಿ ಹೋಗೋದದ. ಒಳಗ ಬಂದು ಕೂಡು, ಫ್ಯಾನ್ ಅದ" ಅಂದೆ. ಆ ಮಾತು ಯಾಕರ ಅಂದೆನೋ. ಬಾಗಿಲಾಗೇ ಹೆಸರು ಬರಕೋತಿದ್ರು, ಸುಮ್ನ ಕೂಡೋದು ಯಾಕ ಅಂತ ಅವನೂ ಬರಸಿಬಿಟ್ಟ.

ನಂದಾಯ್ತು. ಯಾರೂ ನಗಲಿಲ್ಲ, ಅದು ಹೇಳೋದೇ ಬ್ಯಾಡ. ಆಮ್ಯಾಲ ಅವ ಸ್ಟೇಜ್ ಹತ್ತಿ ಎರಡೂ ಕೈ ಹ್ಯಾಂಡಲ್ ಹಿಡದಂಗ ಮಾಡ್ದ.

"ಇವತ್ತ ಸ್ಟೇಶನ್ ಬಜಾರದಾಗ ಒಂದು ಸವಾರಿ ಸಿಕ್ತು ಸಾಬ್. ಕುಂತ ಕೂಡ್ಲೇ ತಾನೇ ಮಾತಾಡ್ತಾನ, ತಾನೇ ನಗ್ತಾನ. ಯಾ ಅಲ್ಲಾ, ಹುಚ್ಚರ ದವಾಖಾನಿ ಕಡೆ ತಿರುಗಿಸ್ಲೇನು ಅಂದ್ಕೊಂಡೆ. ಅವನ ಕಡೆಯವರು ಹುಡಕಾಕತ್ತಾರೇನೋ ಅಂತ ಹೊಳ್ಳಿ ಹೊಳ್ಳಿ ಹಿಂದ ನೋಡ್ದೆ. ಕಡೀಕ ಇಲ್ಲಿ ಬಂದು, ಇಲ್ಲೇ ನಿಲ್ಸು ಅಂದ. ಒಳಗ ಬಂದು ನೋಡ್ತೀನಿ, ಎಲ್ಲಾರೂ ಅಂಥವರೇ ಕುಂತೀರಿ."

ಮಂದಿ ಕುರ್ಚಿ ಬಡದು ನಕ್ಕರು. ಅವನಿಗಿ ಮೊದಲ ಬಹುಮಾನ, ಒಂದು ಕುಕ್ಕರ್. ತಿರುಗಿ ಹೋಗಬೇಕಾದ್ರ ಆ ಕುಕ್ಕರ್ ನಾನೇ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದೆ. ಅದರ ಸೀಟಿ ಹಾದಿಗುಂಟ ಅಲಗಾಡಾಕತ್ತಿತ್ತು, ನನಗ ಅಳು ಬರಾಕತ್ತಿತ್ತು.

ಮರುವರ್ಷ ಕಮಲಾಪುರದಾಗ ಅವ ನಿರ್ಣಾಯಕರ ಕುರ್ಚಿ ಮ್ಯಾಲ, ನಾ ಕೆಳಗ ಹೊಸಬರ ಸಾಲಿನ್ಯಾಗ. ನನ್ನ ಸರದಿ ಮುಗದ ಮ್ಯಾಲ ಅವ ತಲಿ ಅಲ್ಲಾಡಿಸಿ ಭಾಳ ಪ್ರೀತಿಯಿಂದ ಹೇಳ್ದ: "ಸಾಬ್, ಆಟೋದಾಗ ಇದಕ್ಕಿಂತ ಛಲೋ ಹೇಳಿದ್ರಿ."

ಬಾಗಿಲಾ ಬಡದವರು ಯಾರು

ಇದೇ ಕಡೀ ಸಲ ಅಂತ ಹೆಂಡ್ತಿಗಿ ಮಾತು ಕೊಟ್ಟು ಕಲಬುರ್ಗಿ ಸ್ಪರ್ಧೆಗಿ ನಿಂತೆ. ಆಕೀನೂ ಬಂದು ಹೆಣ್ಮಕ್ಕಳ ಸಾಲಿನ್ಯಾಗ ಕುಂತ್ಲು. ನಾ ಮುಳುಗೋದು ಕಣ್ಣಾರೆ ನೋಡಿ ನಿಶ್ಚಿಂತಿ ಆಗೋಣ ಅಂತ ಬಂದಿದ್ಲೇನೋ. ಈ ಸಲ ಲಾಜಿನ ಹಾಸ್ಯ. ಕಂಡಿದ್ದು ಹೇಳ್ರಿ ಅಂದಿದ್ಲಲ್ಲ, ಹಂಗೇ ಮಾಡಿದ್ದೆ. ಮನ್ಯಾಗ ತಿಂಗಳುಗಟ್ಟಲೆ ಹೇಳಿ ಹೇಳಿ ರೂಢಿ ಮಾಡಿದ್ದೆ.

"ಖೋಲಿ ಬಾಗಿಲಾ ಯಾರೋ ಬಡದ್ರು" ಅಂತನಕ ಬಂದೆ. ಮುಂದ ಏನು? ತಲಿ ಖಾಲಿ. "ಬಾಗಿಲಾ ಬಡದ್ರು" ಅಂತ ಮತ್ತ ಅಂದೆ. ಮಂದಿ ಬಾಯಿ ತೆರಕೊಂಡು ನೋಡಾಕತ್ತಾರ. ಮೂರನೇ ಸಲ "ಬಾಗಿಲಾ" ಅನ್ನೋದ್ರಾಗ ಹೆಣ್ಮಕ್ಕಳ ಸಾಲಿನಿಂದ ದನಿ ಬಂತು: "ಬಡದಾವ ಕೋರ್ಟಿನ ಗಿರಾಕಿರಿ. ಜಳಕಕ್ಕ ಸಾಬಾಣ ಕೇಳ್ಲಿಕ್ಕೆ ಬಂದಾನ."

ಮಂದಿ ನಕ್ಕರು. ನಾ "ಹಾಂ, ಸಾಬಾಣ" ಅಂದೆ. ಅದರ ಮುಂದಿಂದೂ ಮರತೆ. "ಈಗ ಎಡಗೈ ಎತ್ತಬೇಕ್ರಿ ನೀವು" ಅಂದ್ಲು. ಎತ್ತಿದೆ. "ಅದು ಬಲಗೈ." ಮಂದಿ ಬಿದ್ದು ಬಿದ್ದು ನಕ್ಕರು. ಕಾರ್ಯದರ್ಶಿ ಓಡಿ ಹೋಗಿ ಮೈಕ್ ಆಕಿ ಕೈಗೆ ಕೊಟ್ಟ.

ಆಕಿ ಎದ್ದು ನಿಂತು ಸೆರಗು ಸರಿ ಮಾಡ್ಕೊಂಡ್ಲು. "ನಾ ಹಾಸ್ಯ ಹೇಳ್ಲಿಕ್ಕೆ ಬಂದಿಲ್ಲರಿ. ಬಾಯಿಪಾಠ ಆಗಿದ್ದು ನನ್ನ ತಪ್ಪಲ್ಲ. ನಾ ರೊಟ್ಟಿ ಬಡಿಯೋ ಮುಂದ ಇವರು ಬಾಗಿಲಾಗ ನಿಂತು ಹೇಳ್ತಾರ. ನಗಲಿಲ್ಲಂದ್ರ ಮೊದಲಿಂದ ಹೇಳ್ತಾರ. ಅದಕ್ಕ ಲಗೂನ ನಕ್ಕುಬಿಡ್ತೀನಿ. ನಕ್ಕರ, ಇನ್ನೂ ಹೇಳೇ ಇಲ್ಲ, ಯಾಕ ನಕ್ಕಿ ಅಂತ ಸಿಟ್ಟಿಗೇಳ್ತಾರ. ಇಷ್ಟ್ರಾಗ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿರ್ತದ. ಈಗ ನಮ್ಮ ಓಣ್ಯಾಗ ರೊಟ್ಟಿ ಹೊತ್ತಿದ ವಾಸನಿ ಬಂದ್ರ ಬಾಜೂ ಮನಿಯವರು ಕೇಳ್ತಾರ, ಇವತ್ತ ನಿಮ್ಮ ಮನಿಯವರು ಹೊಸದು ಬರದಾರೇನು ಅಂತ."

ನಾನೂ ನಕ್ಕೆ. ಸ್ಟೇಜ್ ಮ್ಯಾಲ ನಿಂತು, ಎತ್ತಿದ ಕೈ ಇಳಸೋದು ಮರತು ನಕ್ಕೆ.

ಬಾಗಿಲಾಗ ಹೆಸರು ಬರಸೋ ಸವಲತ್ತು ಇತ್ತಲ್ಲ, ಕಾರ್ಯದರ್ಶಿ ಅಲ್ಲೇ ಆಕಿ ಹೆಸರು ಬರಕೊಂಡ. ಮೊದಲ ಬಹುಮಾನ ಆಕಿಗಿ. ಸುಳ್ಳ್ಯಾಕ ಹೇಳ್ಲಿ, ಅಭಿಮಾನನೂ ಆಯ್ತು, ಹೊಟ್ಟಿಕಿಚ್ಚೂ ಆಯ್ತು, ಹೊಟ್ಟಿಕಿಚ್ಚು ಜರಾ ಜಾಸ್ತೀನೇ ಆಯ್ತು. ಬಹುಮಾನದ ಪೆಟ್ಟಿಗಿ ಬಿಚ್ಚಿದ್ರ ಒಳಗ ಚಪಾತಿ ಮಣಿ, ಅದರ ಜೋಡಿ ಒಂದು ಗಟ್ಟಿ ಲಟ್ಟಣಗಿ.

ಆಕಿ ಅದನ್ನ ಕೈಯಾಗ ತಿರುವ್ಯಾಡಿ ನೋಡಿ ಅಂದ್ಲು: "ಈ ಮನಿಗಿ ಬಹುಮಾನ ಬಂತು, ಮಾತು ಮುಗೀತು. ಇನ್ನ ಮನ್ಯಾಗ ಹಾಸ್ಯ ಬಂದ್. ಹೇಳಿದ್ರ ನಿಮ್ಮ ಹಳೇ ಹಾಸ್ಯ ಖರೆ ಮಾಡ್ತೀನಿ."

ನಿರ್ಣಾಯಕರ ಎರಡು ಮಾತು

ಕೊಟ್ಟ ಮಾತು ನಾ ಉಳಸಿಕೊಳ್ಳಲಿಲ್ಲ. ಚಟ, ಏನು ಮಾಡೋದು. ಮರುವರ್ಷ ಕಮಲಾಪುರಕ್ಕ ಗುಟ್ಟಾಗಿ ಹೆಸರು ಕಳಿಸಿದೆ. ಆ ವರ್ಷದ ನಿರ್ಣಾಯಕಿ ನಮ್ಮಾಕೀನೇ ಅನ್ನೋದು ನನಗ ಹೊಳೀಲಿಲ್ಲ ಅಂತಲ್ಲ. ಹೆಂಡ್ತಿ ಅದಾಳ, ಮೂರನೇದಾದ್ರೂ ಕೊಡ್ತಾಳ ಅಂತ ಒಳಗೊಳಗ ಆಶಾ ಇತ್ತು.

ಮನ್ಯಾಗ ಬಂದ್ ಆಗಿತ್ತಲ್ಲ, ಲಾಜಿನ ಖಾಲಿ ಖೋಲ್ಯಾಗ ಗೋಡಿ ಮುಂದ ನಿಂತು ರೂಢಿ ಮಾಡಿದ್ದೆ. ಗೋಡಿ ಯಾವತ್ತೂ ನಡುವ ನಕ್ಕಿದ್ದಿಲ್ಲ, ರೊಟ್ಟೀನೂ ಹೊತ್ತಿದ್ದಿಲ್ಲ. ಕಮಲಾಪುರದಾಗ ಸ್ಟೇಜ್ ಹತ್ತಿದ್ರ ಎದುರಿಗಿ ಆಕಿ, ಹೊಸ ಇಳಕಲ್ ಸೀರಿ, ಕೈಯಾಗ ಪೆನ್ನು. ನನ್ನ ಗುರುತೇ ಇಲ್ಲದವರಂಗ ನೋಡಿದ್ಲು. ಮೂರು ಕಡೆ ತಡವರಿಸಿದೆ. ಆಕಿ ತುಟಿ ಪಿಟಕ್ಕನ್ನಲಿಲ್ಲ.

ಕಡೀಕ ನಿರ್ಣಾಯಕರು ಒಬ್ಬೊಬ್ಬರ ಮ್ಯಾಲ ಎರಡೆರಡು ಮಾತು ಹೇಳೋ ಪದ್ಧತಿ. ನನ್ನ ಪಾಳಿ ಬಂತು. ಆಕಿ ಮೈಕ್ ತಗೊಂಡ್ಲು. "ಈ ಕಲಾವಿದರು ಹೊಸಬರು. ಪ್ರಯತ್ನ ಛಲೋ ಅದ. ಆದ್ರ ಮನ್ಯಾಗ ಯಾರ ಮುಂದಾದ್ರೂ ನಾಕು ಸಲ ಹೇಳಿ ರೂಢಿ ಮಾಡಿಕೊಂಡು ಬರಬೇಕಿತ್ತು."

ಇಡೀ ಕಮಲಾಪುರ ನಕ್ತು. ಪಂಚಾಯ್ತಿಗಿ ಬಂದಿದ್ದ ಮುತ್ಯಾ ಕಣ್ಣಾಗ ನೀರು ಬರೋತನಕ ನಕ್ಕ. ಮೂರನೇ ಬಹುಮಾನ ಒಂದು ಚಮಚೆ ಸೆಟ್, ಅದು ಬ್ಯಾರೆ ಯಾರಿಗೋ ಹೋಯ್ತು.

ಬಸ್ಸಿನ್ಯಾಗ ಕಲಬುರ್ಗಿಗಿ ಬರೋ ಮುಂದ ತಡ್ಕೊಳ್ಳೋದು ಆಗಲಿಲ್ಲ. "ಮನ್ಯಾಗ ಹೇಳಬ್ಯಾಡ್ರಿ ಅಂದಾಕಿ ನೀನೇ ಅಲ್ಲೇನು?" ಅಂತ ಕೇಳಿದೆ.

"ಅದು ಹೆಂಡ್ತಿ ಮಾತು. ಇದು ನಿರ್ಣಾಯಕರ ತೀರ್ಮಾನ, ಅಂತಿಮ" ಅಂದ್ಲು.

"ಆಗ್ಲಿ, ಒಂದು ಚಮಚೆಯಾದ್ರೂ ಕೊಡಬೇಕಿಲ್ಲ? ಇಷ್ಟು ವರ್ಷ ಆಯ್ತು, ಹೊಸಬ ಆಗೇ ಸಾಯ್ಲೇನು ನಾನು?"

ಆಕಿ ಕಿಟಕಿ ಕಡೆ ಇದ್ದ ಮಾರಿ ನನ್ನ ಕಡೆ ತಿರುಗಿಸಿದ್ಲು. ಕೈಯಾಗಿನ ಚೀಲ ನನ್ನ ತೊಡಿ ಮ್ಯಾಲ ಇಟ್ಲು.

"ಕೊಟ್ಟಿದ್ರ ನೀವು ಹಳಬ ಆಗಿಬಿಡ್ತಿದ್ರಿ. ಮುಂದಿನ ವರ್ಷ ಅವರು ನಿಮ್ಮನ್ನ ಒಳಗ ಬಿಡ್ತಿದ್ದಿಲ್ಲ" ಅಂದ್ಲು. "ಆಮ್ಯಾಲ ಸಾಯೋತನಕ ನಾ ಒಬ್ಬಾಕೀನೇ ಕೇಳಬೇಕಾಗ್ತಿತ್ತು."