ಹನ್ನೆರಡೂವರೆ ಡಿಗ್ರಿಯ ಸರ್ವಾನುಮತ

ಎಸ್ಲಿಂಗೆನ್ ಪಟ್ಟಣದ ಗೆರ್ಬರ್ ಬೀದಿಯ ಹದಿನೇಳನೇ ನಂಬರಿನ ಕಟ್ಟಡದಲ್ಲಿ ಎಂಟು ಮನೆಗಳಿವೆ. ಎಂಟೂ ಮನೆಯವರು ಸೇರಿ ಕಟ್ಟಿಕೊಂಡ ಮಾಲೀಕರ ಸಂಘವೊಂದಿದೆ, ಸಂಘಕ್ಕೆ ನಲವತ್ತೊಂದು ಪುಟದ ನಿಯಮಾವಳಿಯಿದೆ. ಅದರ ಹದಿಮೂರನೇ ನಿಯಮದ ಪ್ರಕಾರ, ಕೋಣೆಯಲ್ಲಿ ನಿಂತಿರುವ ರೇಡಿಯೇಟರ್ ಆಯಾ ಮನೆಯವರ ಸ್ವಂತ ಸ್ವತ್ತು. ಆ ರೇಡಿಯೇಟರಿನ ಶಾಖವನ್ನು ಏರಿಸಿ ಇಳಿಸುವ ತಿರುಗುಣಿ ಮಾತ್ರ ಎಂಟೂ ಮನೆಯವರ ಸಾಮೂಹಿಕ ಸ್ವತ್ತು. ಹೀಗೇಕೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಬೇಕೆಂದರೂ ಮೂರು ವಾರ ಮುಂಚೆ ಲಿಖಿತ ನೋಟೀಸು ಕೊಡಬೇಕು.

ನೆಲಮಹಡಿಯ ವೆರೀನಾ ಐಸೆಲೆಗೆ ಸೆಪ್ಟೆಂಬರಿನಲ್ಲಿ ಐದು ತಿಂಗಳು ತುಂಬಿತ್ತು. ಜನವರಿಗೆ ಹೆರಿಗೆ. ತೊಟ್ಟಿಲಿಡಲು ಗೊತ್ತುಮಾಡಿದ್ದ ಬಡಗಣ ಕೋಣೆಯ ತಿರುಗುಣಿ ಕಚ್ಚಿಕೊಂಡು ಕೂತಿತ್ತು. ಏನು ಮಾಡಿದರೂ ಕೋಣೆ ಹದಿನೈದು ಡಿಗ್ರಿ ದಾಟುತ್ತಿರಲಿಲ್ಲ. ಸೂಲಗಿತ್ತಿ ಊರ್ಸುಲಾ ಬಂದು ನೋಡಿ, "ಹದಿನೆಂಟಕ್ಕಿಂತ ಕೆಳಗೆ ಇರಬಾರದಮ್ಮಾ. ಎಳೇ ಕೂಸು, ತಡ್ಕೊಳ್ಳಲ್ಲ," ಎಂದು ಹೇಳಿ ಹೋಗಿದ್ದಳು. ವೆರೀನಾಳ ಗಂಡ ಯೋಖೆನ್ ಕಾರ್ಖಾನೆಯಲ್ಲಿ ಅಚ್ಚು ತಯಾರಿಸುವವನು, ಕೈಕಸುಬಿನವನು. "ಹದಿನೈದು ಯೂರೋ ಸಾಮಾನು, ಐದು ನಿಮಿಷದ ಕೆಲಸ. ಈಗ್ಲೇ ಹಾಕ್ಲಾ?" ಎಂದು ಸ್ಪ್ಯಾನರ್ ಹಿಡಿದು ನಿಂತ.

"ಅದು ನಮ್ಮದಲ್ಲ ಕಣೋ, ಎಲ್ಲರದ್ದು. ಕೇಳಿ ಹಾಕೋಣ," ಅಂದಳು ವೆರೀನಾ.

ಅಲ್ಲಿಗೆ ಶುರುವಾಯಿತು ನೋಡಿ. ಅವಳು ಸಂಘದ ಕಾರ್ಯದರ್ಶಿ ಶ್ಲೋಟರ್‌ಬೆಕ್ ಅವರಿಗೆ ಕಾಗದ ಬರೆದಳು. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು ಅವರು, ಇವಳ ತಲೆಯ ಮೇಲಿನ ಮನೆಯಲ್ಲೇ ವಾಸ. ಮೆಟ್ಟಿಲಿಳಿದು ಬಂದು ಹೇಳಿದ್ದರೆ ಆಗುತ್ತಿತ್ತು. ಅಂಚೆಯಲ್ಲಿ ಉತ್ತರ ಬಂತು: "ತಮ್ಮ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ. ಒಂದು ತಿರುಗುಣಿಯನ್ನು ಬದಲಿಸಿದರೆ ಉಳಿದ ನಲವತ್ತಾರಕ್ಕೆ ಅನ್ಯಾಯವಾಗುತ್ತದೆ. ಆದುದರಿಂದ ಎಲ್ಲವನ್ನೂ ಬದಲಿಸತಕ್ಕದ್ದು. ಎಲ್ಲವನ್ನೂ ಬದಲಿಸುವುದಾದಲ್ಲಿ ಸ್ಮಾರ್ಟ್ ಥರ್ಮೋಸ್ಟ್ಯಾಟ್ ಆಯ್ಕೆ ಮಾಡುವುದು ಕಾಲೋಚಿತ. ಆಯ್ಕೆಗಾಗಿ ಸಭೆ ಕರೆಯಲಾಗಿದೆ."

ವೆರೀನಾಗೆ ಸಂತೋಷವೇ ಆಯಿತು. ಒಂದು ಕೇಳಿದರೆ ನಲವತ್ತೇಳು ಬರುತ್ತಿವೆಯಲ್ಲ ಎಂದುಕೊಂಡಳು.

ಅಕ್ಟೋಬರಿನಲ್ಲಿ, ಬೀದಿ ತುದಿಯ ಹೋಟೆಲಿನ ಹಿಂದಿನ ಕೋಣೆಯಲ್ಲಿ ಸಭೆ ಸೇರಿತು. ಮೂರು ಸಾಧನಗಳು ಮೇಜಿನ ಮೇಲಿದ್ದವು. ಮೊದಲನೆಯದು ಮಾತಾಡುತ್ತಿತ್ತು, ನಮಸ್ಕಾರ ಅನ್ನುತ್ತಿತ್ತು. ಮೇಲಿನ ಮಹಡಿಯ ವಿಧವೆ ಮೊಯ್ಲೆಯಮ್ಮ ಹೆಣಿಗೆಯಿಂದ ತಲೆ ಎತ್ತದೆ, "ನಮ್ಮೆಜಮಾನ್ರೇ ನಲವತ್ತು ವರ್ಷ ಬೆಳಗ್ಗೆ ನಮಸ್ಕಾರ ಅಂದಿಲ್ಲ, ಇದ್ಯಾವುದು ಅನ್ನೋದಕ್ಕೆ?" ಎಂದು ಕೇಳಿದರು. ಅದು ಬಿತ್ತು. ಎರಡನೆಯದು ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ತಿಳಿದು ಫೋನಿಗೆ ಸುದ್ದಿ ಮುಟ್ಟಿಸುತ್ತಿತ್ತು. ನಾವು ಮನೆಯಲ್ಲಿದ್ದೇವೆಂಬುದು ನಮ್ಮ ಖಾಸಗಿ ವಿಷಯ ಎಂದು ಏಳು ಜನ ಒಟ್ಟಿಗೆ ಹೇಳಿದ್ದರಿಂದ ಅದೂ ಬಿತ್ತು. ಮೂರನೆಯದು ಬಾಯಿ ಬಿಡುತ್ತಿರಲಿಲ್ಲ. ಮನೆಯವರು ಎಷ್ಟಕ್ಕೆ ತಿರುಗಿಸುತ್ತಾರೋ ನೋಡಿ ನೋಡಿ ಅವರ ಇಷ್ಟವನ್ನು ತಾನೇ ಕಲಿತು, ಆಮೇಲೆ ಅಷ್ಟಕ್ಕೇ ಇಡುತ್ತಿತ್ತು.

"ಅಂದ್ರೆ ನಾವೇನೂ ತೀರ್ಮಾನ ಮಾಡ್ಬೇಕಾಗಿಲ್ಲ?" ಶ್ಲೋಟರ್‌ಬೆಕ್ ಕೇಳಿದರು.

"ಏನೂ ಬೇಡ. ನಿಮ್ಮ ಪಾಡಿಗೆ ನೀವು ಬೆಚ್ಚಗಿರಿ, ಅದು ಕಲಿಯುತ್ತೆ," ಅಂದ ಅದನ್ನು ತಂದಿದ್ದ ಮೆಕ್ಯಾನಿಕ್ ಓನುರ್ ಡೆಮಿರ್. ಪಾಪ, ಪಕ್ಕದ ಊರಿನವನು.

ಸಭೆಗೆ ಹಿಡಿಸಿತು. ಆದರೆ ಪರೀಕ್ಷಿಸದೆ ಕೊಳ್ಳುವ ಜಾತಿಯಲ್ಲ ನಮ್ಮೂರಿನವರದು. ಡೆಮಿರ್ ಬಳಿ ಮಾದರಿಗೆ ಇದ್ದದ್ದು ಒಂದೇ. ಮರುದಿನ ಮೆಟ್ಟಿಲ ಬಳಿಯ ಹಲಗೆಗೆ ಪ್ರಕಟಣೆ ಬಿತ್ತು:

"ಮಾದರಿ ಸಾಧನವು ಮೆಟ್ಟಿಲು ಗುಡಿಸುವ ವಾರದ ಸರದಿಯೊಂದಿಗೆ ಮನೆಯಿಂದ ಮನೆಗೆ ಸಾಗತಕ್ಕದ್ದು. ಯಾರ ಬಾಗಿಲಿಗೆ ಆ ವಾರದ ಗುಡಿಸುವ ಫಲಕ ತೂಗುವುದೋ ಅವರ ಕೋಣೆಯ ರೇಡಿಯೇಟರಿಗೆ ಆ ವಾರ ಸಾಧನವನ್ನು ಜೋಡಿಸಲಾಗುವುದು. ಪಾರದರ್ಶಕತೆಯ ದೃಷ್ಟಿಯಿಂದ ದಿನದಿನದ ಉಷ್ಣತೆಯನ್ನು ಇದೇ ಹಲಗೆಯ ಮೇಲೆ, ಹೆಸರು ಸಮೇತ ಪ್ರಕಟಿಸಲಾಗುವುದು. ಇದು ಸ್ಪರ್ಧೆಯಲ್ಲ."

ಆ ಕೊನೆಯ ಸಾಲು ಬರೆಯದಿದ್ದರೆ ಯಾರಿಗೂ ಹೊಳೆಯುತ್ತಿರಲಿಲ್ಲವೇನೋ.

ಸರದಿ ಮೇಲಿನ ಮಹಡಿಯಿಂದ ಶುರು. ಮೊಯ್ಲೆಯಮ್ಮನ ವಾರ ಹದಿನೇಳು ಡಿಗ್ರಿ ಬಂತು. ಎರಡನೇ ವಾರ ಶ್ಲೋಟರ್‌ಬೆಕ್ ಅವರದು ಹದಿನೈದು, ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ "ಯಾವುದೇ ತೊಂದರೆಯಾಗಲಿಲ್ಲ" ಎಂಬ ಟಿಪ್ಪಣಿ. ತೊಂದರೆ ಹೇಗಾದೀತು? ಆ ವಾರ ದಿನಾ ಸಂಜೆ ಅವರು ವೆರೀನಾಳ ಅಡುಗೆಮನೆಯಲ್ಲಿ, ಬಿಸಿ ಒಲೆಯ ಪಕ್ಕ, ಕಚ್ಚಿಕೊಂಡ ತಿರುಗುಣಿಯ ಬಗ್ಗೆ ವಿಚಾರಿಸುತ್ತಾ ಮೂರು ಮೂರು ಗಂಟೆ ಕೂತಿರುತ್ತಿದ್ದರು. ತಿರುಗುಣಿ ಇದ್ದದ್ದು ಬೇರೆ ಕೋಣೆಯಲ್ಲಿ. ಬೇಳೆ ಸಾರು ಚೆನ್ನಾಗಿದೆ ಎಂದು ಎರಡು ಸಲ ಬಡಿಸಿಕೊಂಡರು.

ಹದಿನೈದು ನೋಡಿದ ಮೊಯ್ಲೆಯಮ್ಮ, ತಮ್ಮ ವಾರದಲ್ಲಿ ತಂಗಿ ಬಂದಿದ್ದಳೆಂದೂ ಅವಳದು ಉಷ್ಣದ ಮೈಯೆಂದೂ ತಿದ್ದುಪಡಿ ಅರ್ಜಿ ಕೊಟ್ಟರು. ಮೂರನೇ ಮನೆಯವರು ಹದಿನಾಲ್ಕು ಮಾಡಿದರು. ನಾಲ್ಕನೆಯವರು ಹದಿಮೂರೂವರೆ. ಏಳನೇ ವಾರಕ್ಕೆ ಅಂಕಿ ಹನ್ನೆರಡು ಪಾಯಿಂಟ್ ನಾಲ್ಕಕ್ಕೆ ಬಂದು, ಅದರ ಪಕ್ಕ ಯಾರೋ ಪೆನ್ಸಿಲಿನಲ್ಲಿ ಹೂವು ಬರೆದಿದ್ದರು.

ಎಂಟನೆಯದು, ಕೊನೆಯದು, ವೆರೀನಾಳ ವಾರ. ಡಿಸೆಂಬರಿನ ಎರಡನೇ ಸೋಮವಾರ. ಡೆಮಿರ್ ಬಂದು ಕಚ್ಚಿಕೊಂಡಿದ್ದ ತಿರುಗುಣಿ ಕಿತ್ತು ಹೊಸ ಸಾಧನ ಜೋಡಿಸಿದ. ಅವಳು ಇಪ್ಪತ್ತಕ್ಕೆ ತಿರುಗಿಸಿದಳು. ಆ ಕೋಣೆ ಮೊದಲ ಸಲ ಬೆಚ್ಚಗಾಯಿತು. ಅವಳು ಕೋಟು ಬಿಚ್ಚಿ, ಖಾಲಿ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತು, ಹೊಟ್ಟೆ ಸವರಿಕೊಳ್ಳುತ್ತಾ, ಇನ್ನೇನೂ ಬೇಡ ದೇವರೇ ಅಂದುಕೊಂಡಳು.

ಮಂಗಳವಾರ ಹಲಗೆಯ ಮೇಲೆ "ಐಸೆಲೆ: 20" ಎಂದಿತ್ತು. ಅಡಿಯಲ್ಲಿ ಕೆಂಪು ಗೆರೆ. ಅವಳು ಮೆಟ್ಟಿಲು ಗುಡಿಸುತ್ತಿದ್ದಾಗ ಮೇಲಿನಿಂದ ಇಳಿದು ಬಂದ ಮೊಯ್ಲೆಯಮ್ಮ ನಿಂತು ಅವಳ ಹಣೆ ಮುಟ್ಟಿ ನೋಡಿದರು.

"ಹುಷಾರಿಲ್ವೇನಮ್ಮಾ?"

"ಚೆನ್ನಾಗಿದೀನಿ."

"ಹಾಗಾದ್ರೆ ಯಾಕಮ್ಮಾ ಇಪ್ಪತ್ತು? ನಾವೆಲ್ಲ ಹೆತ್ತಿಲ್ವಾ? ನಾನು ಹೆತ್ತಾಗ ಕಿಟಕಿಯೊಳಗೆ ಮಂಜು ಕಟ್ಟಿತ್ತು. ಇರ್ಲಿ ಬಿಡು, ನಿನ್ನಿಷ್ಟ. ಈಗಿನ ಕಾಲದವರು ನಾಜೂಕು."

ಬುಧವಾರವೂ ಇಪ್ಪತ್ತೇ ಎಂದು ಬಿದ್ದಿತು. ಅಂದು ಮೆಟ್ಟಿಲ ಮೇಲೆ ಎದುರಾದ ಮೂವರು ಒಳ್ಳೆಯ ಹವೆ ಅಂದರೇ ಹೊರತು ನಿಲ್ಲಲಿಲ್ಲ. ವೆರೀನಾ ಒಳಗೆ ಬಂದು ಬಾಗಿಲು ಹಾಕಿಕೊಂಡು, ಕಾಗದ ಪೆನ್ಸಿಲು ತೆಗೆದು ವಾರದ ಸರಾಸರಿಯ ಭಾಗಾಕಾರ ಮಾಡಿದಳು. ಎರಡು ದಿನದ ಇಪ್ಪತ್ತನ್ನು ತೊಳೆದುಕೊಳ್ಳಬೇಕಾದರೆ ಉಳಿದ ಐದು ದಿನ ಒಂಬತ್ತು ಇರಬೇಕಿತ್ತು.

ಶನಿವಾರ ಪಾಳಿ ಮುಗಿಸಿ ಬಂದ ಯೋಖೆನ್ ನೋಡುತ್ತಾನೆ, ಹೆಂಡತಿ ತೊಟ್ಟಿಲ ಕೋಣೆಯಲ್ಲಿ ಕೋಟು, ಬೂಟು, ಉಣ್ಣೆಯ ಕೈಗವಸು ಹಾಕಿಕೊಂಡು ಕೂತಿದ್ದಾಳೆ.

"ಕಿಟಕಿ ಯಾಕೆ ತೆಗ್ದಿದೀಯೇ?"

"ಗಾಳಿ ಆಡ್ಲಿ ಅಂತ."

"ಎಷ್ಟೊತ್ತಿಂದ?"

"ಬುಧವಾರದಿಂದ."

ಯೋಖೆನ್ ಕಿಟಕಿ ಮುಚ್ಚಲು ಹೋದ. ಅವಳು ಅಡ್ಡ ನಿಂತಳು. "ಭಾನುವಾರದವರೆಗೆ ಅಷ್ಟೇ ಕಣೋ. ಆಮೇಲೆ ಎಲ್ಲಾ ಸರಿಹೋಗುತ್ತೆ. ಹೊಸದು ಬರುತ್ತಲ್ಲ."

"ನಿನಗೋಸ್ಕರ ತಂದಿದ್ದು ಕಣೇ ಇದು. ಬೆಚ್ಚಗಿರೋಕೆ ಒಂದು ವಾರ ಸಿಕ್ತು, ಅದನ್ನೂ ಹೀಗೆ ಮಾಡಿದೆಯಲ್ಲ."

"ಮೆಟ್ಟಿಲ ಮೇಲೆ ಮುಖ ತೋರಿಸ್ಬೇಕಾದವಳು ನಾನು, ನೀನಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಬಾಯಿಗೆ ಬಂದದ್ದನ್ನೇ ಉಗಿದಾಗಿತ್ತು.

ಹದಿನೆಂಟನೇ ತಾರೀಖು ಮತ್ತೆ ಸಭೆ. ವೆರೀನಾಳ ಸರಾಸರಿ ಹನ್ನೆರಡು ಪಾಯಿಂಟ್ ಒಂದು, ಇಡೀ ಕಟ್ಟಡಕ್ಕೆ ಅತಿ ಕಡಿಮೆ. ಜನ ಮೇಜು ಕುಟ್ಟಿ ಮೆಚ್ಚುಗೆ ತೋರಿಸಿದರು. ಸ್ಪರ್ಧೆಯಲ್ಲವಾದ್ದರಿಂದ ಬಹುಮಾನ ಕೊಡುವಂತಿರಲಿಲ್ಲ. ಗರ್ಭಿಣಿಯೆಂಬ ಕಾರಣಕ್ಕೆ ಒಂದು ಬಾಟಲಿ ದ್ರಾಕ್ಷಿರಸ ಕೊಟ್ಟರು. ಆಮೇಲೆ ಡೆಮಿರ್ ಸಾಧನವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಇದು ಹನ್ನೆರಡೂವರೆ ಅಂತ ಕಲಿತುಬಿಟ್ಟಿದೆ. ನಿಮ್ಮನ್ನ ಏನೂಂತ ತಿಳ್ಕೊಂಡಿದೆಯೋ, ಆಲೂಗಡ್ಡೆ ಅಂತಿರಬೇಕು. ಪರವಾಗಿಲ್ಲ, ಈ ಗುಂಡಿ ಒತ್ತಿದ್ರೆ ಎಲ್ಲಾ ಅಳಿಸಿಹೋಗುತ್ತೆ. ಇಪ್ಪತ್ತಕ್ಕೆ ಇಟ್ಟುಕೊಡ್ತೀನಿ."

ಶ್ಲೋಟರ್‌ಬೆಕ್ ಎದ್ದು ನಿಂತರು. "ಎಂಟು ಸಂಸಾರ ಎಂಟು ವಾರ ವ್ಯಕ್ತಪಡಿಸಿದ ಅಭಿಪ್ರಾಯಾನ ನೀವು ಒಂದು ಬೆರಳಲ್ಲಿ ಅಳಿಸ್ತೀರಾ, ಡೆಮಿರ್ ಅವರೇ?"

"ಅಭಿಪ್ರಾಯ ಅಲ್ಲ ಯಜಮಾನರೇ, ಚಳಿ."

"ಅರ್ಜಿ ಕೊಟ್ಟವರ ಮನೇಲೇ ಅತಿ ಕಡಿಮೆ ಬಂದಿದೆ. ಅವರಿಗೇ ಚಳಿ ಇಲ್ಲ, ನಿಮಗ್ಯಾಕೆ?"

ಎಲ್ಲರೂ ವೆರೀನಾಳ ಕಡೆ ತಿರುಗಿದರು. ಅವಳು ಹೇಳಬೇಕೆಂದಿದ್ದಳು, ಹೇಳುವ ಮಾತನ್ನು ಮನೆಯಲ್ಲಿ ಮೂರು ಸಲ ಕನ್ನಡಿ ಮುಂದೆ ಹೇಳಿಕೊಂಡೂ ಬಂದಿದ್ದಳು. ಆದರೆ ಮಡಿಲಲ್ಲಿ ದ್ರಾಕ್ಷಿರಸದ ಬಾಟಲಿಯಿತ್ತು. ಹನ್ನೆರಡೂವರೆಗೆ ಬೀಗ ಹಾಕಿ ನಲವತ್ತೇಳೂ ರೇಡಿಯೇಟರುಗಳಿಗೆ ಜೋಡಿಸತಕ್ಕದ್ದು ಎಂಬ ಠರಾವಿಗೆ ಏಳು ಕೈ ಎದ್ದವು, ಎಂಟನೆಯದಾಗಿ ಅವಳದೂ ಎದ್ದಿತು. ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಅಳು ಬರುತ್ತಿತ್ತು, ಯಾರ ಮೇಲೆ ಅಳಬೇಕೆಂದು ಮಾತ್ರ ಗೊತ್ತಾಗಲಿಲ್ಲ.

ಜನವರಿ ಒಂಬತ್ತಕ್ಕೆ ಹೆಣ್ಣುಮಗು ಹುಟ್ಟಿತು. ಫ್ರೀಡಾ ಎಂದು ಹೆಸರಿಟ್ಟರು. ಬಾಣಂತಿಯನ್ನು ನೋಡಲು ಮನೆಗೆ ಬಂದ ಊರ್ಸುಲಾ ತನ್ನ ಕೋಟು ಬಿಚ್ಚಿ, ಮತ್ತೆ ಹಾಕಿಕೊಂಡಳು.

"ಇದೇನಮ್ಮಾ ಇದು, ಮೂಗು ಬೀಳೋ ಚಳಿ. ಹೊಸದು ಹಾಕ್ಸಿದೀರಲ್ಲ, ತಿರುಗಿಸು."

ವೆರೀನಾ ತಿರುಗಿಸಿದಳು. ಸಾಧನ ಇಪ್ಪತ್ತು ತೋರಿಸಿ, ಐದು ನಿಮಿಷ ಸುಮ್ಮನಿದ್ದು, ತಾನಾಗಿ ಹನ್ನೆರಡೂವರೆಗೆ ಮರಳಿತು.

"ಅದಕ್ಕೆ ನಮ್ಮಿಷ್ಟ ಏನೂಂತ ಗೊತ್ತು," ಅಂದಳು ವೆರೀನಾ.

ಅವಳು ಮಗುವಿನ ಪರವಾಗಿ ವಿನಾಯಿತಿ ಅರ್ಜಿಯನ್ನೂ ಹಾಕಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಉತ್ತರ ಅಂಚೆಯಲ್ಲಿ ಬಂತು: "ಅರ್ಜಿದಾರಳಾದ ಕುಮಾರಿ ಫ್ರೀಡಾ ಸಂಘದ ಸದಸ್ಯಳಲ್ಲವೆಂಬುದು ಕಂಡುಬಂದಿದೆ. ಅವರು ವಯಸ್ಕರಾಗಿ, ಕಟ್ಟಡದಲ್ಲಿ ಪಾಲು ಪಡೆದ ನಂತರ ಪುನಃ ಅರ್ಜಿ ಸಲ್ಲಿಸಬಹುದು. ಸಂಘದ ವತಿಯಿಂದ ಹಾರ್ದಿಕ ಶುಭಾಶಯಗಳು." ಕಾಗದದ ಜೊತೆ ಮೊಯ್ಲೆಯಮ್ಮ ಹೆಣೆದ ಪುಟ್ಟ ಟೊಪ್ಪಿಯೂ ಇತ್ತು.

ಯೋಖೆನ್ ಅಂಗಡಿಗೆ ಹೋಗಿ ಹದಿನೈದು ಯೂರೋದ ತಿರುಗುಣಿ ತಂದೇಬಿಟ್ಟ. ವೆರೀನಾ ಅದನ್ನು ಕಸಿದು ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟಳು. ಮಗುವಿನ ಕೈ ಮುಟ್ಟಿ ನೋಡಿದಾಗ ತಣ್ಣಗಿತ್ತು. ಆ ಮಧ್ಯಾಹ್ನವೇ, ಯಾರ ಕಣ್ಣಿಗೂ ಬೀಳದಂತೆ, ತೊಟ್ಟಿಲನ್ನು ಎತ್ತಿಕೊಂಡು ನೆಲಮಾಳಿಗೆಯ ಬಾಯ್ಲರ್ ಕೋಣೆಗೆ ಇಳಿದಳು. ಬಚ್ಚಲಿಗೆ ಬಿಸಿನೀರು ಕಾಯಿಸುವ ಬಾಯ್ಲರ್ ಅಲ್ಲಿ ಹಗಲಿರುಳು ಉರಿಯುತ್ತದೆ. ಕೋಣೆ ಇಪ್ಪತ್ತನಾಲ್ಕು ಡಿಗ್ರಿ.

ಬಾಗಿಲು ತಳ್ಳಿದರೆ, ಮೊಯ್ಲೆಯಮ್ಮ ಬಾಯ್ಲರಿಗೆ ಬೆನ್ನು ಕೊಟ್ಟು ಹೆಣೆಯುತ್ತಿದ್ದಾರೆ. ಶ್ಲೋಟರ್‌ಬೆಕ್ ಅಂಗಿ ತೋಳು ಮಡಿಸಿ ಪತ್ರಿಕೆ ಓದುತ್ತಿದ್ದಾರೆ. ಉಳಿದ ಐದೂ ಮನೆಯವರು ಮಡಿಸುವ ಕುರ್ಚಿಗಳಲ್ಲಿದ್ದಾರೆ, ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿದೆ. ಕ್ರಿಸ್ಮಸ್ಸಿನಿಂದಲೂ ಅವರು ಅಲ್ಲೇ ಇದ್ದರು.

"ಬಾಮ್ಮಾ, ಎಲ್ಲಿ ಇಷ್ಟು ದಿನ ಕಾಣ್ಲಿಲ್ಲ?" ಎಂದು ಮೊಯ್ಲೆಯಮ್ಮ ಕುರ್ಚಿ ಸರಿಸಿದರು.

ಯಾರಿಗೂ ಸಂಕೋಚವಾಗಲಿಲ್ಲ. ಸಂಕೋಚಪಡುವಂಥದ್ದೇನಿದೆ? ಬಾಯ್ಲರ್ ಕೋಣೆ ಸಾಮೂಹಿಕ ಸ್ವತ್ತು. ಎರಡೇ ದಿನದಲ್ಲಿ ಕುರ್ಚಿಗಳ ಸರದಿ ಪಟ್ಟಿಯೂ ಬಿತ್ತು, ತೊಟ್ಟಿಲಿಗೆ ಒಂದೂವರೆ ಕುರ್ಚಿಯ ಜಾಗ ಮಂಜೂರಾಯಿತು. ಫ್ರೀಡಾ ಮೊದಲ ಸಲ ಟೊಪ್ಪಿಯಿಲ್ಲದೆ ಮಲಗಿದಳು. ಅವಳ ಕೂದಲು ಕೆಂಚು ಎಂದು ತಾಯಿಗೆ ತಿಳಿದದ್ದೇ ಆವತ್ತು.

ಫೆಬ್ರವರಿಯ ಸಭೆ ಬಾಯ್ಲರ್ ಕೋಣೆಯಲ್ಲೇ ನಡೆಯಿತು, ಹೇಗೂ ಎಲ್ಲರೂ ಅಲ್ಲಿದ್ದರು. ಕಟ್ಟಡದ ಶಾಖದ ಬಳಕೆ ಶೇಕಡಾ ನಲವತ್ತು ಇಳಿದಿದೆ, ಸ್ಮಾರ್ಟ್ ಥರ್ಮೋಸ್ಟ್ಯಾಟಿನ ಆಯ್ಕೆ ಪೂರ್ಣ ಯಶಸ್ವಿಯಾಗಿದೆ ಎಂದು ಶ್ಲೋಟರ್‌ಬೆಕ್ ಓದಿದರು. ಚಪ್ಪಾಳೆಯಾಯಿತು. ಆಮೇಲೆ ಅವರು ಕನ್ನಡಕ ಒರೆಸಿಕೊಂಡು ಮುಂದಿನ ವಿಷಯ ಎತ್ತಿಕೊಂಡರು.

"ಇಡೀ ಕಟ್ಟಡದಲ್ಲಿ ಒಂದೇ ಒಂದು ಕೋಣೆ ಇಪ್ಪತ್ತನಾಲ್ಕು ಡಿಗ್ರಿ ಇರೋದು ಕಂಡುಬಂದಿದೆ. ಈ ಕೋಣೆ. ಇದಕ್ಕೆ ಥರ್ಮೋಸ್ಟ್ಯಾಟೇ ಇಲ್ಲ. ಇದು ದುಂದು. ಡೆಮಿರ್ ಅವರ ಮಾದರಿ ಸಾಧನ ನಮ್ಮ ಹತ್ರ ಇನ್ನೂ ಇದೆ. ಇಲ್ಲಿಗೂ ಅದನ್ನ ಹಾಕಿ, ಸರದಿ ಪ್ರಕಾರ ಕಲಿಸೋಣ ಅಂತ ನನ್ನ ಸೂಚನೆ. ಜಾಸ್ತಿ ಜಾಗ ಹಿಡಿದಿರೋರಿಂದ ಶುರು. ಐಸೆಲೆ ಅವರೇ, ಮೊದಲ ವಾರ ನಿಮ್ಮದು. ಕಳೆದ ಸಲ ಮಾದರಿಯಾಗಿ ನಡ್ಕೊಂಡಿದ್ರಿ."

ಏಳು ಕೈ ಎದ್ದವು. ಮೊಯ್ಲೆಯಮ್ಮ ಹೆಣಿಗೆ ಕಡ್ಡಿ ಹಿಡಿದ ಕೈಯನ್ನೇ ಎತ್ತಿದ್ದರು. ಎಲ್ಲರೂ ವೆರೀನಾಳನ್ನು ನೋಡುತ್ತಿದ್ದರು, ಪ್ರೀತಿಯಿಂದಲೇ. ಅವಳು ತೊಟ್ಟಿಲ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು, ಆಮೇಲೆ ಅವಳ ಕೈಯೂ ಮೇಲೆ ಹೋಯಿತು.

ನಡಾವಳಿ ಪುಸ್ತಕದಲ್ಲಿ ಹೀಗಿದೆ: "ಎಂಟು ಮತಗಳಿಂದ ಸರ್ವಾನುಮತದ ಅಂಗೀಕಾರ. ಮತ ಎಣಿಸುವಾಗ ತೊಟ್ಟಿಲಿನಿಂದ ಇನ್ನೆರಡು ಕೈಗಳು ಮೇಲೆ ಬಂದಿದ್ದವು. ಸದರಿಯವರು ನಿದ್ದೆಯಲ್ಲಿ ಮೈಮುರಿಯುತ್ತಿದ್ದರು ಹಾಗೂ ಸದಸ್ಯರಲ್ಲ. ಆದ್ದರಿಂದ ಆ ಕೈಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ."

ಪುಸ್ತಕ ಮುಚ್ಚಿದ ಮೇಲೆ ವೆರೀನಾ ಮಗುವಿಗೆ ಟೊಪ್ಪಿ ಹಾಕಿದಳು.