ಪಾಚಿ ತುಳಿದ ಭಾವ

ಮಸ್ಕತ್ತಿನಲ್ಲಿ ಹೆದರುಪುಕ್ಕಲರ ಸಂಘವೊಂದು ಹುಟ್ಟಿದ್ದರೆ ನನ್ನ ಭಾವ ಅವಿರೋಧವಾಗಿ ಅಧ್ಯಕ್ಷರಾಗುತ್ತಿದ್ದರು. ಆದರೆ ಸಭೆಗೆ ಹೋಗಲು ಹೆದರುತ್ತಿದ್ದರು.

ಭಾವ ಎಂದರೆ ಅಕ್ಕನ ಗಂಡ. ರುಸೈಲಿನ ಒಂದು ಪಂಪು ಕಂಪನಿಯಲ್ಲಿ ಅವರು ಸ್ಟೋರ್‌ಕೀಪರ್, ನಾನು ಮೆಕ್ಯಾನಿಕ್. ಅಲ್ ಅಜೈಬಾದ ಮನೆಯಿಂದ ಹೊರಟು ಅರ್ಧ ದಾರಿ ಬಂದ ಮೇಲೆ, ಗ್ಯಾಸ್ ಬಂದ್ ಮಾಡಿದ್ದು ನೆನಪಾಗದೆ ಕಾರು ತಿರುಗಿಸುವರು. ಹೋಗಿ ನೋಡಿದರೆ ಅದೇ ಗ್ಯಾಸಿನ ಮೇಲೆ ಅಕ್ಕ ಸಾರು ಕುದಿಸುತ್ತಿರುವಳು!

ಇಂಥವರನ್ನು ತೊಂಬತ್ತರ ದಶಕದ ಆರಂಭದಲ್ಲಿ ಕಂಪನಿ ನನ್ನ ಜೊತೆ ತರಬೇತಿಗೆಂದು ಜಪಾನಿಗೆ ಕಳಿಸಿತು. ನಮ್ಮ ಪಾಸ್‌ಪೋರ್ಟುಗಳು ಯಾವಾಗಲೂ ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಕಪಾಟಿನಲ್ಲಿರುತ್ತಿದ್ದವು. ಈಗ ಕೈಗೆ ಬಂದದ್ದೇ ಭಾವನಿಗೆ ಸಂಕಟ. ಕಳೆದರೆ ಖಲಾಸ್, ಊರೂ ಇಲ್ಲ, ಒಮಾನೂ ಇಲ್ಲ ಎಂದು ಗೊಣಗುತ್ತ, ಒಸಾಕಾದ ಹೋಟೆಲ್ ತಲುಪಿದ ಕೂಡಲೇ ಅದನ್ನು ಬನಿಯನಿನ ಒಳಜೇಬಿಗೆ ಸೇರಿಸಿ ಬಾಯಿ ಹೊಲಿದುಬಿಟ್ಟರು.

ಬಿಡುವಿನ ದಿನ ತರಬೇತಿ ಕೇಂದ್ರದವರು ಕ್ಯೋಟೋದಲ್ಲಿದ್ದ ರಾಜಮನೆತನದ ಹಳೆಯ ವಿಹಾರಭವನಕ್ಕೆ ನಮ್ಮನ್ನು ಕರೆದೊಯ್ದರು. ಮೊದಲೇ ಅನುಮತಿ ಪಡೆದವರಿಗೆ ಮಾತ್ರ, ಅದೂ ಬೇರೆ ಸಂದರ್ಶಕರ ಜೊತೆ ಗುಂಪಾಗಿ ಪ್ರವೇಶ. ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳಿದರು. ಭಾವ ಇಪ್ಪತ್ತು ಜನರೆದುರು ಅಂಗಿಯ ಗುಂಡಿ ಬಿಚ್ಚತೊಡಗಿದರು. ಕಾವಲುಗಾರ ಗಂಭೀರವಾಗಿ ಒಂದು ಕತ್ತರಿ ತಂದುಕೊಟ್ಟು, ಮುಖ ಆಚೆ ತಿರುಗಿಸಿ ನಿಂತ.

ಒಳಗೆ ಕೊಳ, ಸೇತುವೆ, ಚಹಾ ಕುಡಿಯಲೆಂದೇ ಕಟ್ಟಿದ ಪುಟ್ಟ ಮನೆಗಳು. ನೆಲದ ತುಂಬ ಜೋಪಾನವಾಗಿ ಬೆಳೆಸಿದ ದಪ್ಪ ಹಸಿರು ಪಾಚಿ, ನಡುವೆ ನಡೆಯಲು ಬಿಡಿಬಿಡಿ ಕಲ್ಲುಗಳು. ಕಲ್ಲಿನಿಂದ ಕಲ್ಲಿಗೇ ಕಾಲಿಡಬೇಕು, ಪಾಚಿ ತುಳಿಯಬಾರದು ಎಂದು ಗೈಡ್ ಎರಡೆರಡು ಸಲ ಹೇಳಿದಳು. ಗುಂಪಿನ ಹಿಂದೆ ಅದೇ ಕಾವಲುಗಾರ.

“ಅವ ನನ್ನನ್ನೇ ನೋಡುದು ಮಾರಾಯ, ಕತ್ತರಿಯ ವಿಷಯಕ್ಕೆ,” ಎಂದರು ಭಾವ.

ಕೊನೆಗೆ ಉಳಿದವರನ್ನು ಕಾಯುವುದು ಅವನ ಕೆಲಸ ಎಂದೆ. ಕೂಡಲೇ ಭಾವ ಮುಂದೆ ನುಗ್ಗಿದರು. ಮುಂದೆ ಹೋದರೆ ಕಾಲು ತಪ್ಪುವ ಭಯ, ನಿಂತರೆ ಕಾವಲುಗಾರನ ಭಯ. ಆ ತೋಟದಲ್ಲಿ ಅವರು ನೋಡಿದ್ದು ಬರೀ ಕಲ್ಲು. ನಾನು ನೋಡಿದ್ದು? ಬರೀ ಭಾವನನ್ನು.

ಕೊಳದ ಎದುರಿನ ಚಹಾ ಮನೆಯ ಬಳಿ ಮಾತ್ರ ಎರಡು ನಿಮಿಷ ಮೈಮರೆತೆ. ತಿರುಗಿ ನೋಡಿದರೆ ಭಾವ ಇಲ್ಲ, ಮುಂದೆ ಹೋದ ಗುಂಪಿನಲ್ಲೂ ಇಲ್ಲ! ಕೊಳಕ್ಕೆ ಬಿದ್ದರೇ? ಹಿಡಿದುಕೊಂಡು ಹೋದರೇ? ಅಕ್ಕನಿಗೆ ಏನೆಂದು ಫೋನು ಮಾಡಲಿ? ಬಂದ ದಾರಿಯಲ್ಲೇ ಕಲ್ಲಿನಿಂದ ಕಲ್ಲಿಗೆ ಹಾರುತ್ತ ಓಡಿದೆ.

ತಿರುವಿನಾಚೆ ಕಾವಲುಗಾರ ಅಲುಗಾಡದೆ ನಿಂತಿದ್ದ. ಅವನ ಮುಂದೆ ಭಾವ, ಎರಡೂ ಕಾಲು ಪಾಚಿಯಲ್ಲಿ. ನಮ್ಮ ಗುಂಪಿನಲ್ಲಿದ್ದ ಜಪಾನಿ ಅಜ್ಜಿಯೊಬ್ಬರು ಒದ್ದೆ ಕಲ್ಲಿನ ಮೇಲೆ ಹೆಜ್ಜೆ ಕಿತ್ತಿಡಲಾಗದೆ ನಿಂತುಬಿಟ್ಟಿದ್ದರು. ಅವರ ಕೈ ಹಿಡಿದು ಭಾವ ಒಂದೊಂದೇ ಕಲ್ಲು ದಾಟಿಸುತ್ತಿದ್ದರು. “ನಿಧಾನ, ಅಮ್ಮ, ನಿಧಾನ,” ಎನ್ನುತ್ತಿದ್ದರು. ಕನ್ನಡದಲ್ಲೇ! ಅಜ್ಜಿ ತಲೆಯಾಡಿಸುತ್ತಿದ್ದರು.

ಹತ್ತಿರ ಹೋಗಿ, ಹೆದರಿಕೆ ಆಗಲಿಲ್ವಾ ಭಾವ ಎಂದು ಪಿಸುಗುಟ್ಟಿದೆ.

“ಆಗದೆ ಎಂತ? ಆದರೆ ಅವರ ಕೈ ನನ್ನದಕ್ಕಿಂತ ಜಾಸ್ತಿ ನಡುಗ್ತಾ ಉಂಟು.”

ದಾರಿ ಸಮತಟ್ಟಾದ ಮೇಲೂ ಅಜ್ಜಿ ಕೈ ಬಿಡಲಿಲ್ಲ. ಭಾವನೂ ಬಿಡಿಸಿಕೊಳ್ಳಲಿಲ್ಲ.